ಅಳತೆಯಕ್ಕನಿಗೆ ಸಿಗದ ಅಳತೆ

ಬೆಳಗಿನ ಐದೂವರೆ. ಶೆಡ್ಡಿನ ತಗಡಿನ ಬಾಗಿಲು ಅರ್ಧ ತೆರೆದಿದೆ. ಒಳಗೆ ಐವತ್ತೆಂಟರ ಹೆಂಗಸೊಬ್ಬರು ಕೀಸುಳಿ ಹಿಡಿದು ಹಲಗೆಯ ಅಂಚನ್ನು ನುಣುಪು ಮಾಡುತ್ತಿದ್ದಾರೆ. ಸುರುಳಿ ಸುರುಳಿಯಾಗಿ ಬಿದ್ದ ಮರದ ಹೊಟ್ಟಿನಲ್ಲಿ ಅವರ ಪಾದ ಮುಚ್ಚಿಹೋಗಿದೆ. ನನ್ನನ್ನು ಕಂಡವರೇ ಅಡಿಯಿಂದ ಮುಡಿಯವರೆಗೆ ನೋಡಿ, "ಐದಡಿ ಏಳು" ಎಂದು ಗೊಣಗುತ್ತಾರೆ. ಆಮೇಲೆ ನಾಲಿಗೆ ಕಚ್ಚಿಕೊಳ್ಳುತ್ತಾರೆ. "ತಪ್ಪು ತಿಳೀಬೇಡಿ, ಅಭ್ಯಾಸ."

ಚರ್ಚಿನ ಹಿಂದಿನ ಓಣಿಯಲ್ಲಿ ಶವಪೆಟ್ಟಿಗೆ ಮಾಡುವ ಇವರನ್ನು ಎಲ್ಲರೂ ಕರೆಯುವುದು ಅಳತೆಯಕ್ಕ ಎಂದೇ. ಗಂಡ ತೀರಿಕೊಂಡ ದಿನ ಅವರ ಈ ಕೆಲಸ ಇವರ ಕೈಗೆ ಬಂತು. ಮೊದಲು ಮಾಡಿದ್ದು ಗಂಡನ ಪೆಟ್ಟಿಗೆಯನ್ನೇ. ಅದಾಗಿ ಹತ್ತೊಂಬತ್ತು ವರ್ಷ. ವಾರಕ್ಕೆ ನಾಲ್ಕು, ಚಳಿ ಜೋರಾದರೆ ಆರು. ಒಂದೊಂದಕ್ಕೂ ನಲವತ್ತೆರಡು ಮೊಳೆ, ನಾಲ್ಕು ಮೀಟರ್ ಬಿಳಿ ಬಟ್ಟೆ. ಮಕ್ಕಳ ಪುಟ್ಟ ಪೆಟ್ಟಿಗೆ ಮಾಡುವ ದಿನ ಒಲೆ ಹಚ್ಚುವುದಿಲ್ಲ. ಮುಚ್ಚಳದ ಶಿಲುಬೆಯನ್ನು ಮಾತ್ರ ಎಲ್ಲಕ್ಕಿಂತ ಕೊನೆಗೆ, ಕೈ ತೊಳೆದು ಬಂದು ಕೂರಿಸುತ್ತಾರೆ.

ಮೂರು ವರ್ಷದ ಹಿಂದೆ ಬಿಡದ ಕೆಮ್ಮಿಗೆಂದು ಆಸ್ಪತ್ರೆಗೆ ಹೋದರು. ಎಕ್ಸ್‌ರೇಯಲ್ಲಿ ಒಂದು ಮಚ್ಚೆ ಕಂಡಿತು. ವೈದ್ಯರು ದನಿ ತಗ್ಗಿಸಿ, "ಆರು ತಿಂಗಳು ಅಂದ್ಕೊಳ್ಳಿ" ಎಂದರು. ಅಳತೆಯಕ್ಕ ಅಳಲಿಲ್ಲ. ಮನೆಗೆ ಬಂದು ಗೋಡೆಗೊರಗಿ ನಿಂತು, ನೆತ್ತಿಯ ಮೇಲೆ ಪೆನ್ಸಿಲ್ ಗೀಟು ಎಳೆದುಕೊಂಡರು. ಐದಡಿ ಒಂದಿಂಚು. ಎರಡೇ ದಿನದಲ್ಲಿ ತಮ್ಮ ಪೆಟ್ಟಿಗೆ ಮುಗಿಸಿ ಮೂಲೆಯಲ್ಲಿಟ್ಟರು. ಆಮೇಲೆ, ಒಂಬತ್ತು ವರ್ಷದಿಂದ ಮಾತು ಬಿಟ್ಟಿದ್ದ ತಂಗಿಗೆ ಫೋನು ಮಾಡಿದರು.

"'ನಾನು ಹೊರಟೆ ಕಣೇ, ಬಾ' ಅಂದೆ. ಮಾರನೇ ದಿನ ಮಧ್ಯಾಹ್ನಕ್ಕೆಲ್ಲ ಸೂಟ್‌ಕೇಸ್ ಹಿಡ್ಕೊಂಡು ಬಂದುಬಿಟ್ಟಳು. ಆ ಆರು ತಿಂಗಳು ನಾನೆಷ್ಟು ಒಳ್ಳೆಯವಳಾಗಿದ್ದೆ ಗೊತ್ತಾ? ನನಗೇ ನನ್ನ ಗುರುತು ಸಿಗ್ತಿರಲಿಲ್ಲ. ಒಂದು ಗಡಸು ಮಾತಿಲ್ಲ. ಸಂಜೆಯಾದ್ರೆ ಇಬ್ಬರೂ ಕೂತು ಪ್ರಾರ್ಥನೆ. ಕಂಡಕಂಡವರ ಹತ್ರ ಕ್ಷಮೆ ಕೇಳಿ ಅವರಿಗೇ ಮುಜುಗರ ಮಾಡಿದ್ದೆ."

ಆರು ತಿಂಗಳು ಕಳೆಯಿತು. ಎಂಟಾಯಿತು. ಹತ್ತನೇ ತಿಂಗಳು ಮತ್ತೆ ಪರೀಕ್ಷೆ ಮಾಡಿದಾಗ, ಅದು ಯಾವ ಕಾಲದಲ್ಲೋ ಮಾಗಿದ ಗಾಯದ ಕಲೆ ಎಂದು ತಿಳಿಯಿತು. ತಪ್ಪೋ ಪವಾಡವೋ, ವೈದ್ಯರೂ ಖಚಿತವಾಗಿ ಹೇಳಲಿಲ್ಲ. "ಪಾದ್ರಿಗಳು ದೇವರಿಗೆ ಸ್ತೋತ್ರ ಅಂದ್ರು. ನಾನೂ ಅಂದೆ. ಆದ್ರೆ ತಲೆ ಗಿರ್ರ್ ಅಂತಿತ್ತು. ಸಾಯೋಕೆ ತಯಾರಾಗಿದ್ದೆ, ಬದುಕೋಕೆ ಒಂಚೂರೂ ತಯಾರಿರಲಿಲ್ಲ."

ತಂಗಿ ವಾಪಸು ಹೋಗಲಿಲ್ಲ. ಅಕ್ಕನ ಹಳೇ ನಾಲಿಗೆ ಮಾತ್ರ ವಾಪಸು ಬಂತು. ಒಂದು ಮಂಗಳವಾರ ಬೆಳಿಗ್ಗೆ ಕಿಟಕಿಯ ವಿಷಯಕ್ಕೆ ಜಗಳ. ಗಾಳಿ ಬೇಕು ಎನ್ನುವುದು ತಂಗಿ, ದೂಳು ಬರುತ್ತದೆ ಎನ್ನುವುದು ಅಕ್ಕ. "'ಇದು ನನ್ನ ಮನೆ' ಅಂದುಬಿಟ್ಟೆ. ಅವಳು ಬಕೆಟ್ ಎತ್ಕೊಂಡು ಬಟ್ಟೆ ಒಣಗಿಸೋಕೆ ಹೋದಳು. ಸಂಜೆ ಸರಿ ಮಾಡ್ಕೊಂಡ್ರಾಯ್ತು ಅಂದ್ಕೊಂಡೆ."

ಹನ್ನೊಂದು ಗಂಟೆಗೆ ತಂಗಿ ಬಟ್ಟೆ ಒಣಹಾಕುವ ಹಗ್ಗದ ಕೆಳಗೆ ಬಿದ್ದಿದ್ದರು. ಹೃದಯಾಘಾತ. ಅಕ್ಕನಿಗಿಂತ ನಾಲ್ಕು ವರ್ಷ ಚಿಕ್ಕವರು.

ಮೂಲೆಯಲ್ಲಿದ್ದ ಪೆಟ್ಟಿಗೆಯನ್ನೇ ತಂಗಿಗೆ ಕೊಟ್ಟರು. ತಂಗಿ ಮೂರಿಂಚು ಎತ್ತರ. ಕಾಲಿನ ಕಡೆ ಬಿಚ್ಚಿ, ಹಲಗೆ ತುಂಡು ಸೇರಿಸಬೇಕಾಯಿತು. "ನನ್ನ ಕೈಯಿಂದ ಅಷ್ಟು ಕೆಟ್ಟ ಜೋಡಣೆ ಯಾವತ್ತೂ ಆಗಿಲ್ಲ. ಕಣ್ಣೇ ಕಾಣ್ತಿರಲಿಲ್ಲ."

ಈಗಲೂ ಅವರಿಗೆ ಅದೇ ಗೊಂದಲ. "ಆ ಆರು ತಿಂಗಳು ನಂದು ಅಂದ್ಕೊಂಡಿದ್ದೆ. ಅವಳದಾಗಿತ್ತಾ? ಹಾಗಾದ್ರೆ ದೇವರು ಎಚ್ಚರಿಸಿದ್ದು ಯಾರನ್ನ?" ಪಾದ್ರಿಗಳನ್ನೇ ಕೇಳಿದ್ದಾರೆ. ಅವರು, "ಸಾಯೋ ದಿನಾಂಕನ ಆ ಕರ್ತ ಯಾರಿಗೂ ಹೇಳಲ್ಲ ಅಕ್ಕ, ಇವತ್ತನ್ನ ಕೈಗೆ ಕೊಡ್ತಾನೆ. ತಂಗೀನ ಮತ್ತೆ ನೋಡ್ತೀರಿ. ನನಗೆ ಗೊತ್ತಿರೋದು ಇಷ್ಟೇ" ಎಂದರಂತೆ.

"ನಂಬ್ತೀನಿ. ಆದ್ರೆ ಅರ್ಥ ಆಗಿಲ್ಲ. ಎರಡೂ ಒಟ್ಟಿಗೆ ಇರಬಹುದಲ್ವಾ?" ಎಂದು ಅಳತೆಯಕ್ಕ ನನ್ನನ್ನೇ ಕೇಳುತ್ತಾರೆ.

ಈಗ ಬದುಕು ಬದಲಾಗಿದೆಯೇ ಎಂದರೆ ತಲೆಯಾಡಿಸುತ್ತಾರೆ. ಹೌದೋ ಅಲ್ಲವೋ ಗೊತ್ತಾಗುವುದಿಲ್ಲ. ಆಮೇಲೆ ನಗುತ್ತಾರೆ. ತಂಗಿಯನ್ನು ಮಣ್ಣು ಮಾಡಿದ ವಾರ ಅವರು ಗಂಡನ ಅಣ್ಣನ ಮನೆಗೆ ಹೋದರಂತೆ. ಗಂಡ ಸತ್ತಾಗ ಅವರ ಉಳಿ-ಬಾಚಿ ಹತಾರಗಳ ಪಾಲಿನಲ್ಲಿ ಮನಸ್ತಾಪವಾಗಿ, ಅಂದಿನಿಂದ ಇಬ್ಬರಿಗೂ ಮಾತಿರಲಿಲ್ಲ; ಕ್ಷಮೆ ಕೇಳುತ್ತಾ ತಿರುಗಿದ ಆ ಆರು ತಿಂಗಳಲ್ಲೂ ಆ ಬಾಗಿಲಿಗೆ ಮಾತ್ರ ಹೋಗಿರಲಿಲ್ಲ.

"ನಾನು ಬಾಗಿಲಿಗೆ ಬಂದ್ರೆ ಜನಕ್ಕೆ ಜೀವ ಹೋದ ಹಾಗಾಗುತ್ತೆ ನೋಡಿ. ಭಾವ ಕದ ತೆಗೆದವರೇ ಬಿಳುಚಿಕೊಂಡ್ರು. 'ಯಾರು ಹೋದ್ರು?' ಅಂದ್ರು. 'ನಾವಿಬ್ರೂ ಇನ್ನೂ ಹೋಗಿಲ್ಲ ಭಾವ, ಅದಕ್ಕೇ ಬಂದೆ' ಅಂದೆ."