ಎವರಿಸ್ತೊನ ಹವಳದ ಹಸಿವು

ಪಕ್ಕದ ಮನೆಯ ಕ್ಷೌರಿಕ ಎವರಿಸ್ತೊ ಗಾಜಿನ ತೊಟ್ಟಿಯಲ್ಲಿ ಹವಳ ಸಾಕಿದ್ದಾನೆಂದು ಒಬ್ದೂಲಿಯಾಗೆ ಮೊದಲು ಗೊತ್ತಾದದ್ದು ಕಡಲತೀರದ ತಮ್ಮೂರು ಗ್ವಾನಿಕಾದ ಮೀನಂಗಡಿಯ ಮಾತಿನಲ್ಲಿ. ಕೆಂಪು ಮಣಿಯಿರಬೇಕೆಂದು ಅವನ ಮನೆಗೆ ನೋಡಹೋದ ಮುದುಕಿ ಮೂಗು ಮುಚ್ಚಿಕೊಂಡಳು. ತೊಟ್ಟಿಯಲ್ಲಿ ಮಿದುಳಿನಂಥ ಜೀವಂತ ಮಾಂಸದ ಮುದ್ದೆಯೊಂದು ಸಿಂಬಳ ಸುರಿಸುತ್ತ ಮುದುಡಿ ಕೂತಿತ್ತು. ಅಂಚಿನಲ್ಲಿ ಬಿಳಿ ಎಲುಬು ಇಣುಕುತ್ತಿತ್ತು.

“ಥೂ! ಹೆಂಡ್ತಿ ಬಿಟ್ಟುಹೋದ್ಮೇಲೆ ಇದನ್ನ ಕಟ್ಕೊಂಡ್ಯಾ?”

“ಇದು ಅವಳಷ್ಟು ಬೈಯಲ್ಲ ಬಿಡಕ್ಕಾ. ಆದ್ರೆ ಸಾಯ್ತಾ ಇದೆ. ವಾರವಾರ ಸಮುದ್ರದ ಹೊಸ ನೀರು ಹಾಕಿದ್ರೂ ಸೊರಗ್ತಿದೆ.”

ಅವನು ನೀರು ಹೊತ್ತು ತಂದ ಬಕೆಟ್ಟಿಗೆ ಅವಳು ಬಗ್ಗಿದಳು. ಲ್ಯಾವೆಂಡರ್ ಘಮ ಮೂಗಿಗೆ ರಪ್ಪೆಂದು ಹೊಡೆಯಿತು. ಶನಿವಾರ ಆ ಘಮದ ದ್ರಾವಣ ಬೆರೆಸಿ ನೆಲ ಒರೆಸದ ಮನೆ ಆ ಬೀದಿಯಲ್ಲೇ ಇರಲಿಲ್ಲ.

“ನೆಲ ಒರ್ಸೋ ಬಕೆಟ್ಟಲ್ಲಿ ಅದಕ್ಕೆ ನೀರು ತರ್ತೀಯಾ? ಗಲೀಜು ನನ್ಮಗನೆ!”

“ತೊಳ್ದಿದ್ದೆ ಕಣಕ್ಕಾ…”

“ತೊಳ್ದೆಯಂತೆ! ನನಗೇ ವಾಂತಿ ಬರ್ತಿದೆ, ಅದಕ್ಕಿನ್ನೆಂಗಾಗ್ಬೇಡ?”

ಬೈಯುತ್ತಲೇ ಅವಳು ತೊಗರಿ ನೆನೆಹಾಕುವ ತನ್ನ ಪಾತ್ರೆಯನ್ನು ಕೊಟ್ಟಳು. ಹಲವು ವಾರ ಅದರಲ್ಲೇ ನೀರು ಬಂತು. ಸಿಂಬಳ ನಿಂತಿತು, ಎಲುಬಿನ ಮೇಲೆ ಮಾಂಸ ಹಬ್ಬಿತು. ಸಂಜೆಯಾದರೆ ಅದು ಒಂದಲ್ಲ, ಹತ್ತಾರು ಬಾಯಿ ತೆರೆದು ಅರೆದ ಸಿಗಡಿ ನುಂಗತೊಡಗಿತು. ಅದು ಸಾಯುತ್ತಿದ್ದಾಗ ಇದ್ದುದಕ್ಕಿಂತ ಈಗಲೇ ಒಬ್ದೂಲಿಯಾಗೆ ಹೆಚ್ಚು ಹೇಸಿಗೆ.

ಮುಂದಿನ ವರ್ಷ ಕಾಯಿಲೆ ಬಿದ್ದ ಎವರಿಸ್ತೊನನ್ನು ಪೋನ್ಸೆ ನಗರದ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿಂದ ಅವನು ಮರಳಲಿಲ್ಲ. ಕಾರು ಹತ್ತುವಾಗ ಒಬ್ದೂಲಿಯಾಳ ಮಣಿಕಟ್ಟು ಹಿಡಿದುಕೊಂಡು ಅವನು ಕೇಳಿಕೊಂಡದ್ದೇ ಕೊನೆಯ ಮಾತು:

“ಸಂಜೆ ಅದಕ್ಕೆ ಹಸಿವಾಗತ್ತಕ್ಕಾ. ಮುಖ ಬೇಕಾದ್ರೆ ಆಚೆ ತಿರುಗಿಸ್ಕೋ, ಸಿಗಡಿ ಮಾತ್ರ ಬಾಯಿಗೇ ಇಡು.”