ಸೇಬಿನ ಮರಿ

ನಮ್ಮ ಕಡೆ ಸೇಬು ಎಂದರೆ ರೋಗಿಗಳ ಹಣ್ಣು. ಯಾರಾದರೂ ಆಸ್ಪತ್ರೆ ಸೇರಿದರೆ ಹೊಸಪೇಟೆ ಬಸ್ ನಿಲ್ದಾಣದ ಮುಂದಿನ ಗಾಡಿಯಲ್ಲಿ ಕೊಂಡು ಒಯ್ಯುತ್ತಿದ್ದೆವು. ನನ್ನ ಹೆಂಡತಿಗೆ ಮಾತ್ರ ಅದನ್ನು ಗಿಡದಿಂದಲೇ ಕಿತ್ತು ತಿನ್ನುವ ಆಸೆ.

ಆ ಆಸೆ ಹತ್ತಿಸಿದವನು ಸೈನ್ಯದಲ್ಲಿದ್ದ ಅವಳ ತಮ್ಮ. ಎಂಬತ್ತರ ದಶಕದ ಒಂದು ಚಳಿಗಾಲ ರಜೆಗೆ ಬಂದಾಗ, ಹಿಮಾಚಲದಿಂದ ಗೋಣಿತಾಟಿನಲ್ಲಿ ಸುತ್ತಿದ ಕಸಿಗಿಡವೊಂದನ್ನು ತಂದ.

"ಹಳೇ ತಳಿ ಅಕ್ಕ, ಈಗ ಯಾರೂ ಹಚ್ಚಂಗಿಲ್ಲ. ಭಾಳ ಎತ್ತರ ಬೆಳ್ಯಂಗಿಲ್ಲ, ನಿನ್ನಂಥ ಕುಳ್ಳಿಗೂ ಹಣ್ಣು ಕೈಗೆ ಸಿಗತಾವ."

"ಲೇ, ಕುಳ್ಳಿ ಅಂದ್ರ ಊಟ ಹಾಕಂಗಿಲ್ಲ ನೋಡು," ಎಂದಳು ಇವಳು. ಕಸಿಯ ಗಂಟು ಮಣ್ಣಿನ ಮೇಲೇ ಇರಬೇಕೆಂದು ಅವನು ಹೇಳಿದಂತೆಯೇ ಹಿತ್ತಿಲಲ್ಲಿ ನೆಟ್ಟಳು.

ಬೇಸಿಗೆಗೆ ತೆಂಗಿನ ಗರಿಯ ಚಪ್ಪರ ಹಾಕಿ, ಮಧ್ಯಾಹ್ನ ಮಣ್ಣಿನ ಗಡಿಗೆಯ ತಣ್ಣೀರನ್ನು ಬುಡಕ್ಕೆ ಹೊಯ್ಯುತ್ತಿದ್ದಳು. ನಾನು ಕಾಲುವೆಯ ತೂಬು ನೋಡಿಕೊಳ್ಳುವ ಕೆಲಸದವನು. "ಬಿಸಿಲಾಗ ಬಂದವ್ನಿಗೆ ನಲ್ಲಿ ನೀರು, ಗಿಡಕ್ಕ ಗಡಿಗಿ ನೀರೇನು?" ಎಂದರೆ, "ನೀವೇನು ಹಣ್ಣು ಬಿಡ್ತೀರಿ?" ಎನ್ನುತ್ತಿದ್ದಳು.

ಒಂದು ಮಳೆಗಾಲ ಗಂಟಿನ ಕೆಳಗಿನಿಂದ ಚಿಗುರೊಂದು ಎದ್ದಿತು. ಅವಳು ಹಂಪಿಯ ಬಾಳೆತೋಟದ ಮನೆಯವಳು. ಬಾಳೆಯ ಬುಡದಲ್ಲಿ ಮರಿಗಳು ಎದ್ದರೆ ಗಟ್ಟಿಯಾದ ಒಂದನ್ನು ಉಳಿಸಿಕೊಳ್ಳುವುದು ಅವಳ ಕೈಗೆ ಗೊತ್ತಿದ್ದ ಕೆಲಸ. ಗೊನೆ ಕೊಟ್ಟು ತಾಯಿ ಬಿದ್ದ ಮೇಲೆ ಮರಿಯೇ ತೋಟ.

"ರೀ, ಬರ್ರಿ ಇಲ್ಲಿ! ನಮ್ಮ ಸೇಬು ಮರಿ ಹಾಕೈತಿ!"

ಮರಿಗೆ ಕೋಲು ಕೊಟ್ಟು, ಹಳೆಯ ಸೀರೆಯ ಅಂಚು ಹರಿದು ಕಟ್ಟಿದಳು. ಅದು ದಷ್ಟಪುಷ್ಟವಾಗಿ ಬೆಳೆಯಿತು. ಪಕ್ಕದ ಹಳೆಯ ಕಾಂಡ ಬಡಕಲಾಯಿತು. ತಾಯಿ ಸೊರಗುವುದು ಸಹಜವೆಂದೇ ಇಬ್ಬರೂ ತಿಳಿದೆವು.

ಅವಳು ಹಾಸಿಗೆ ಹಿಡಿದಾಗ ಬಂದವರೆಲ್ಲ ಸೇಬು ತಂದರು. ಒಂದು ಹೋಳೂ ಗಂಟಲಲ್ಲಿ ಇಳಿಯಲಿಲ್ಲ. "ನಮ್ಮದು ಹೂ ಬಿಟ್ಟೈತೇನ್ರಿ?" ಎಂದು ಕೇಳುತ್ತಿದ್ದಳು. ಇಲ್ಲ ಎನ್ನಲಾಗದೆ, "ಮರಿ ಭಾಳ ಚೆಂದ ಐತಿ," ಎನ್ನುತ್ತಿದ್ದೆ.

ಅವಳು ತೀರಿಕೊಂಡಾಗ ಮಣ್ಣಿಗೆ ಬಂದ ತಮ್ಮ ಮರುದಿನ ಹಿತ್ತಿಲಿಗೆ ಹೋದವನು ಬಹಳ ಹೊತ್ತಾದರೂ ಬರಲಿಲ್ಲ. ನಾನು ಹೋಗಿ ನೋಡಿದರೆ ಕುಡುಗೋಲು ಹಿಡಿದು ಗಿಡದ ಮುಂದೆ ಕುಳಿತಿದ್ದ.

"ಮಾವ, ಈ ಮರಿ ಸೇಬಿನ ಮರಿ ಅಲ್ಲ. ಕಸಿಗೆ ಬೇರು ಕೊಟ್ಟ ಬ್ಯಾರೆ ಗಿಡ. ಇದು ಎಂದೂ ಆ ಹಣ್ಣು ಕೊಡಂಗಿಲ್ಲ. ಮ್ಯಾಲಿನದರ ಜೀವಾನೂ ಇದ ಕುಡದೈತಿ. ಈಗ ಕಡದ್ರ, ಹಳೇದು ಉಳಿದ್ರ ಉಳೀಬಹುದು."

ಸೀರೆಯ ಅಂಚು ಇನ್ನೂ ಮರಿಯನ್ನು ಹಿಡಿದಿತ್ತು. ಅವಳು ಸಾಕಿದ್ದು ಇದನ್ನು, ಕಾದದ್ದು ಅದರ ಹಣ್ಣಿಗೆ. ಕುಡುಗೋಲು ಇಸಿದುಕೊಂಡು, ಅಂಚು ಬಿಚ್ಚಿ, ನಾನೇ ಕಡಿದೆ.

ಆ ಬೇಸಿಗೆ ಚಪ್ಪರ ಹಾಕಿದೆ, ಗಡಿಗೆಯ ನೀರು ಹೊಯ್ದೆ. ಹಳೆಯ ಕಾಂಡ ತುದಿಯಿಂದ ಒಣಗುತ್ತ ಬಂದು ಗಂಟಿನ ತನಕ ಸತ್ತಿತು.

ಮಳೆ ಬಿದ್ದ ಮೇಲೆ ಬುಡದಿಂದ ಮತ್ತೆ ಚಿಗುರು ಎದ್ದಿತು. ಅವಳು ಬಯಸಿದ ಹಣ್ಣು ಇದರಲ್ಲಿ ಬರುವುದಿಲ್ಲವೆಂದು ಈಗ ಗೊತ್ತು. ಒಳಗೆ ಹೋಗಿ ಸೀರೆಯ ಅಂಚು ಹುಡುಕಿ ತಂದು, ಚಿಗುರನ್ನು ಕೋಲಿಗೆ ಕಟ್ಟಿದೆ.