ಎದೆಯ ಚಿತ್ರದಲ್ಲೊಂದು ಬಿಳಿ ಗುರುತು

ಕೆಸರೆಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಪಾಸ್‌ಪೋರ್ಟಿಗೆ, ವೀಸಾಕ್ಕೆ ಎಂದು ಬಂದವರನ್ನು ಸ್ಟೂಲಿನ ಮೇಲೆ ಕೂರಿಸಿ, ‘ನಗಬೇಡಿ, ಎರಡೂ ಕಿವಿ ಕಾಣಲಿ’ ಎಂದು ಗದರಿಸುವುದು ನನ್ನ ಕಸುಬು. ಎಷ್ಟೋ ಜನರನ್ನು ಹೀಗೆ ಗದರಿಸಿ ವಿದೇಶಕ್ಕೆ ಕಳಿಸಿದ ಮೇಲೆ ಒಂದು ದಿನ ನನ್ನ ಮುಖಕ್ಕೇ ಲೈಟು ಹೊಂದಿಸಿಕೊಂಡು ಕೂರಬೇಕಾಯಿತು. ನನ್ನ ಹೆಂಡತಿ ನರ್ಸು. ಎರಡು ವರ್ಷದ ಹಿಂದೆ ಸಮುದ್ರದಾಚೆಯ ಒಂದು ವೃದ್ಧಾಶ್ರಮಕ್ಕೆ ಕೆಲಸಕ್ಕೆ ಹೋದವಳು, ಈಗ ಗಂಡನನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದ್ದಳು. ‘ಎಲ್ಲರ ಮನೇಲೂ ಹೆಂಡ್ತಿ ಗಂಡನ ಹಿಂದೆ ಹೋಯ್ತಾಳೆ, ನಿಂದು ಉಲ್ಟಾ ಕಣಪ್ಪ’ ಎಂದು ಪಕ್ಕದಂಗಡಿಯ ಟೈಲರು ರೇಗಿಸುತ್ತಿದ್ದ. ಎರಡು ವರ್ಷ ಒಬ್ಬನೇ ಅನ್ನ ಬೇಯಿಸಿಕೊಂಡು ತಿಂದವನಿಗೆ ಯಾರ ಹಿಂದೆ ಯಾರು ಅನ್ನುವ ಯೋಚನೆಯೆಲ್ಲ ಇರುವುದಿಲ್ಲ.

ಉಳಿದಿದ್ದದ್ದು ವೈದ್ಯಕೀಯ ಪರೀಕ್ಷೆ ಒಂದೇ. ಆ ದೇಶದವರು ಒಪ್ಪಿದ ಡಾಕ್ಟರೇ ಮಾಡಬೇಕು. ಸಿದ್ಧಾರ್ಥನಗರದ ಕ್ಲಿನಿಕ್ಕಿಗೆ ಬೆಳಿಗ್ಗೆ ಎಂಟಕ್ಕೇ ಹೋದೆ. ಚಳಿಗಾಲದ ಮಂಜು ಇನ್ನೂ ಕರಗಿರಲಿಲ್ಲ, ರಸ್ತೆಯ ಮರಗಳೆಲ್ಲ ಅರೆನಿದ್ದೆಯಲ್ಲಿ ಇದ್ದಂತಿದ್ದವು. ಒಳಗೆ ನರ್ಸಮ್ಮ ಎತ್ತರ ನೋಡಿದರು, ತೂಕ ನೋಡಿದರು, ಆಮೇಲೆ ಪ್ರಶ್ನೆಗಳ ಪಟ್ಟಿ ತೆಗೆದರು. ಸಕ್ಕರೆ ಕಾಯಿಲೆ? ಇಲ್ಲ. ಆಪರೇಷನ್? ಇಲ್ಲ. ಟಿ.ಬಿ. ಏನಾದರೂ ಬಂದಿತ್ತಾ?

‘ಇಲ್ಲ’ ಅಂದೆ. ಅವರು ಕೇಳಿ ಮುಗಿಸುವ ಮೊದಲೇ ಅಂದುಬಿಟ್ಟೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಆದರೆ ನರ್ಸಮ್ಮ ತಲೆ ಎತ್ತಲಿಲ್ಲ, ಮುಂದಿನ ಪ್ರಶ್ನೆಗೆ ಹೋದರು.

ಬಂದಿತ್ತು. ನನಗೆ ಆರು ವರ್ಷ ಆಗ. ದಿನಾ ಸಂಜೆ ಮೈ ಬೆಚ್ಚಗಾಗುತ್ತಿತ್ತು. ಅವ್ವ ನನ್ನನ್ನು ಸೊಂಟದ ಮೇಲೆ ಹೊತ್ತುಕೊಂಡು, ಗುರುತಿನವರು ಸಿಗದ ಹಾಗೆ ಯಾವುದೋ ದೂರದ ಡಾಕ್ಟರ ಹತ್ತಿರ ಹೋದಳು. ಆರು ತಿಂಗಳು ಮಾತ್ರೆ. ಆ ಮಾತ್ರೆ ನುಂಗಿದರೆ ಉಚ್ಚೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತಿತ್ತು. ಸಂಜೆಯ ಸೂರ್ಯ ನನ್ನ ಹೊಟ್ಟೆಯೊಳಗೇ ಮುಳುಗುತ್ತಾನೆ ಎಂದು ನಾನು ಬಹಳ ದಿನ ನಂಬಿದ್ದೆ. ಆ ವರ್ಷ ದಸರಾಕ್ಕೆ ಬನ್ನಿಮಂಟಪದ ಪಂಜಿನ ಕವಾಯತಿಗೆ ಬೀದಿಯ ಮಕ್ಕಳೆಲ್ಲ ಹೋದರು. ನಾನು ಮಾಳಿಗೆಯ ಮೇಲೆ ಕಂಬಳಿ ಹೊದ್ದು, ಅವ್ವನ ತೊಡೆಯ ಮೇಲೆ ಕೂತು, ಆ ದಿಕ್ಕಿನ ಆಕಾಶ ಕೆಂಪಗಾಗುವುದನ್ನು ನೋಡಿದೆ. ಬ್ಯಾಂಡಿನ ಸದ್ದು ಗಾಳಿ ಬಂದಾಗ ಬರುತ್ತಿತ್ತು, ಗಾಳಿ ನಿಂತರೆ ನಿಲ್ಲುತ್ತಿತ್ತು. ಯಾರಾದರೂ ಕೇಳಿದರೆ ‘ಮಗೀಗೆ ವಸಿ ನಿಶ್ಶಕ್ತಿ, ಟಾನಿಕ್ ಕೊಡ್ತಾ ಇವ್ನಿ’ ಎನ್ನುತ್ತಿದ್ದಳು. ನನ್ನ ಕಿವಿಯಲ್ಲಿ ಮಾತ್ರ ಬೇರೆ ಪಾಠ: ‘ಯಾರ್ ತಾವೂ ಬಾಯಿ ಬುಡಬ್ಯಾಡ ಮಗ. ನಾಳೆ ಹೆಣ್ಣು ಕೊಡೋರು ಹಿಂದೇಟು ಹಾಕ್ತಾರೆ.’

ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬಾರದವನಿಗೆ ಹೆಣ್ಣಿನ ಚಿಂತೆ! ಆದರೂ ನಾನು ಬಾಯಿ ಬಿಡಲಿಲ್ಲ. ಮದುವೆಯಾದ ಮೇಲೂ ಬಿಡಲಿಲ್ಲ. ನರ್ಸಾಗಿದ್ದವಳ ಹತ್ತಿರ ಕೂಡ. ಮೊದಲು ಹೇಳಲು ಭಯ, ಆಮೇಲೆ ಇಷ್ಟು ದಿನ ಹೇಳಲಿಲ್ಲವಲ್ಲ ಅನ್ನುವ ನಾಚಿಕೆ. ನಾಲ್ಕು ವರ್ಷದ ಹಿಂದೆ ಅವ್ವ ತೀರಿಕೊಂಡ ಮೇಲೆ, ಈ ವಿಷಯ ಭೂಮಿಯ ಮೇಲೆ ನನ್ನೊಬ್ಬನಿಗೇ ಗೊತ್ತು ಅಂದುಕೊಂಡಿದ್ದೆ.

ಎಕ್ಸ್‌ರೇ ಕೋಣೆ ತಣ್ಣಗಿತ್ತು. ಅಂಗಿ ಬಿಚ್ಚಿ, ಹಲಗೆಗೆ ಎದೆ ಒತ್ತಿ ನಿಂತೆ. ‘ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಅಲ್ಲಾಡ್ಬೇಡಿ’ ಎಂದು ಗಾಜಿನಾಚೆಯಿಂದ ಒಂದು ದನಿ ಬಂತು. ನನ್ನದೇ ದನಿಯನ್ನು ಯಾರೋ ನನಗೆ ವಾಪಸ್ಸು ಕೊಟ್ಟಂತಾಯಿತು. ಹೊರಗೆ ಬೆಂಚಿನ ಮೇಲೆ ಕಾಯುತ್ತ ಕೂತಾಗ ಕಣ್ಣು ಎಳೆಯಿತು. ಅರೆಗನಸಿನಲ್ಲಿ ಅವ್ವ ಪಕ್ಕದಲ್ಲೇ ಕೂತಿದ್ದಳು, ಸೆರಗಿನಿಂದ ನನ್ನ ಹಣೆ ಒರೆಸುತ್ತಿದ್ದಳು, ಏನೋ ಹೇಳಬೇಕು ಎಂದು ಬಾಯಿ ತೆರೆಯುತ್ತಿದ್ದಳು. ಅಷ್ಟರಲ್ಲಿ ನನ್ನ ಹೆಸರು ಕೂಗಿದರು.

ಡಾಕ್ಟರು ನನ್ನ ವಯಸ್ಸಿನ ಹೆಂಗಸು. ಪರದೆಯನ್ನು ನನ್ನ ಕಡೆ ತಿರುಗಿಸಿದರು. ಬೆಳಕು ನೆರಳಿನಲ್ಲೇ ಅನ್ನ ಸಂಪಾದಿಸುವವನು ನಾನು, ಅವರು ಬೆರಳು ಇಡುವ ಮೊದಲೇ ಕಂಡಿತು. ಬಲಗಡೆ, ಹೆಗಲಿನ ಕೆಳಗೆ, ಬಿಳಿಯದೊಂದು ಸಣ್ಣ ಗುರುತು. ನೋಡಲು ಚೆನ್ನಾಗಿಯೇ ಇತ್ತು.

‘ಹಳೇ ಗಾಯ ಒಣಗಿದ್ದು ಅನ್ಸುತ್ತೆ. ಇಲ್ಲಿ ಇಲ್ಲ ಅಂತ ಬರೆಸಿದೀರಲ್ಲ’ ಅಂದರು.

ನಾನು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡೆ.

‘ನೋಡಿ ಸಾರ್, ಕಾಯಿಲೆ ಬಂದು ವಾಸಿಯಾಗಿದ್ರೆ ಅದು ತಪ್ಪಲ್ಲ. ಮುಚ್ಚಿಟ್ರೆ ಅರ್ಜಿಗೇ ಕುತ್ತು. ರಿಪೋರ್ಟ್ ಇನ್ನೂ ಕಳಿಸಿಲ್ಲ, ತಿದ್ದೋಕೆ ಆಗುತ್ತೆ. ಆದ್ರೆ ಒಂದ್ ವಿಷ್ಯ. ಇತ್ತು ಅಂದ್ರೂ, ಈ ಗುರುತು ಇರೋದ್ರಿಂದ ಕಫದ ಪರೀಕ್ಷೆ ಮಾಡ್ಲೇಬೇಕು. ಮೂರು ದಿನ ಬೆಳಿಗ್ಗೆ ಬರ್ಬೇಕು. ಫಲಿತಾಂಶಕ್ಕೆ ಎಂಟು ವಾರ.’

ಇತ್ತು ಅಂದರೆ ಅರ್ಜಿ ಹಾಕಿದವಳಿಗೆ ಏಕೆ ತಡ ಎಂದು ಹೇಳಲೇಬೇಕು. ಇಲ್ಲ ಅಂದರೆ ಅವಳ ಎರಡು ವರ್ಷದ ಓಡಾಟ ನನ್ನೊಂದು ಸುಳ್ಳಿಗೆ ಬಲಿ. ಅವ್ವನಿಗೆ ಕೊಟ್ಟ ಮಾತು ಒಂದು ಕಡೆ, ಹೆಂಡತಿ ಒಂದು ಕಡೆ.

‘ಇತ್ತು ಮೇಡಂ. ಆರನೇ ವಯಸ್ಸಲ್ಲಿ’ ಅಂದೆ. ಮೂವತ್ತು ವರ್ಷದ ಮೇಲೆ ಮೊದಲ ಸಲ ಆ ಮಾತು ನನ್ನ ಕಿವಿಗೆ ಬಿತ್ತು. ಅವರು ಬರೆದುಕೊಂಡರು, ಅಷ್ಟೇ.

ಹೊರಗೆ ಬಂದು ಹತ್ತಿರದ ಪಾರ್ಕಿನಲ್ಲಿ ಕೂತೆ. ಮಂಜು ಹೋಗಿ ಎಳೆಬಿಸಿಲು ಬಂದಿತ್ತು. ಅವಳಿರುವ ಕಡೆ ಆಗ ಸಂಜೆ, ಕೆಲಸ ಮುಗಿಸಿ ಬಸ್ಸಿನಲ್ಲಿ ಕೂತಿರುವ ಹೊತ್ತು. ಫೋನ್ ಮಾಡಿ, ಎಲ್ಲೂ ನಿಲ್ಲಿಸದೆ ಎಲ್ಲವನ್ನೂ ಹೇಳಿದೆ. ಕಾಯಿಲೆ, ಮಾತ್ರೆ, ‘ಇಲ್ಲ’ ಅಂದದ್ದು, ಎಂಟು ವಾರ.

‘ನಂಗೆ ಗೊತ್ತಿತ್ತು ಕಣ್ರೀ’ ಅಂದಳು.

ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

‘ನನ್ನ ನೋಡೋಕೆ ಬಂದ್ರಲ್ಲ, ಅವತ್ತೇ. ಕೈ ತೊಳ್ಕೊತೀನಿ ಅಂತ ಅತ್ತೆ ಹಿತ್ತಲಿಗೆ ಬಂದ್ರು. ನಾನು ನೀರು ಕೊಟ್ಟೆ. ಮಗೀಗೆ ಇಂಗಾಗಿತ್ತು, ಈಗ ಪೂರಾ ವಾಸಿಯಾಗದೆ, ಯಾರ್ಗೂ ಏಳಿಲ್ಲ, ನಿಂಗೆ ಏಳ್ದೆ ಇದ್ರೆ ಪಾಪ ಬತ್ತದೆ ಅಂದ್ರು. ಮನಸ್ಸಿಲ್ದಿದ್ರೆ ಜಾತಕ ಕೂಡ್ಲಿಲ್ಲ ಅಂತ ಏಳಿಸ್ಬುಡವ್ವ, ನಾ ಏನೂ ಅನ್ಕೊಳಕಿಲ್ಲ ಅಂದ್ರು. ನಿಂಗೊತ್ತು ಅಂತ ಅವನ್ಗೆ ತೋರಿಸ್ಕೊಬ್ಯಾಡ, ತಲೆ ತಗ್ಗಿಸ್ಬುಡ್ತಾನೆ ಅಂತಾನೂ ಅಂದ್ರು.’

ಅವ್ವನ ಮೇಲೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಅಳುವೂ ಬಂತು. ಪಾರ್ಕಿನಲ್ಲಿ ವಾಕಿಂಗ್ ಬಂದಿದ್ದವರೊಬ್ಬರು ನನ್ನನ್ನು ನೋಡಿ, ನೋಡದವರಂತೆ ಮುಂದೆ ಹೋದರು. ಎಂಟು ವಾರ ತಡವಾಯಿತಲ್ಲ, ನನ್ನಿಂದ ನಿನಗೆ ಮತ್ತೆ ಕಾಯುವ ಕೆಲಸ ಎಂದು ಹೇಗೋ ತೊದಲಿದೆ.

‘ನೀವಾಗೇ ಬಾಯಿಬಿಟ್ಟು ಹೇಳ್ತೀರ ಅಂತ ಒಂಬತ್ತು ವರ್ಷ ಕಾದಿದೀನಿ’ ಅಂದಳು. ‘ಎಂಟು ವಾರ ಯಾವ ಲೆಕ್ಕ.’